ಊರಿನ ಏರ್‌ಪೋರ್ಟ್ ಬದಲಿಸುವ ಮುಂಚೆ ಮಾಡಿಸುವ ಅಧ್ಯಯನ: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಕೆಲವು ಅಧ್ಯಾಯಗಳಿಗೆ ಕಣ್ಣು ಮುಚ್ಚಿಕೊಂಡು ಐದು ಕೊಡಬಹುದು. ಒಂದೆರಡಕ್ಕೆ ಒಂದು ಕೊಡಲೂ ಮನಸ್ಸು ಬರುವುದಿಲ್ಲ.

ನಾನು ರಿವ್ಯೂ ಮಾಡುತ್ತಿರುವುದು ಯಾವುದೋ ಏರ್‌ಪೋರ್ಟನ್ನಲ್ಲ. ಊರೊಳಗಿನ ಹಳೇ ಏರ್‌ಪೋರ್ಟ್ ಸಾಲದು, ಊರಾಚೆ ಹೊಸದು ಕಟ್ಟೋಣ ಎಂದು ಮಾತು ಶುರುವಾದಾಗ, ದೊಡ್ಡ ದುಡ್ಡಿಗೆ ಸಹಿ ಹಾಕುವ ಮುಂಚೆ ಒಂದು ಅಧ್ಯಯನ ಮಾಡಿಸುತ್ತಾರಲ್ಲ, ಅದನ್ನು. ಕನ್ಸಲ್ಟೆಂಟ್ ಕಂಪನಿಗಳು ಮಾರುವ ಸೇವೆ ಇದು. ಕಟ್ಟುವ ಖರ್ಚಿನ ಮುಂದೆ ಇದರ ಫೀಸು ಲೆಕ್ಕಕ್ಕೇ ಬರುವುದಿಲ್ಲ, ಆದರೆ ಇದನ್ನು ನಂಬಿ ತೆಗೆದುಕೊಂಡ ತೀರ್ಮಾನವನ್ನು ಆಮೇಲೆ ವಾಪಸ್ ತೆಗೆದುಕೊಳ್ಳುವುದು ಬಹಳ ಕಷ್ಟ. ನನ್ನ ಕೆಲಸ ಮಾಡಿಸುವವರ ಕಡೆ ಕೂತು ಇಂಥ ರಿಪೋರ್ಟ್‌ಗಳನ್ನು ಓದುವುದು, ಪ್ರಶ್ನೆ ಕೇಳುವುದು, ಕೆಲವನ್ನು ವಾಪಸ್ ಕಳಿಸುವುದು. ಯಾವ ಕಂಪನಿ ಎಂದು ಕೇಳಬೇಡಿ, ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಯಾಕೆಂದರೆ ರಿಪೋರ್ಟ್ ಚೆನ್ನಾಗಿ ಬರುವುದು ಬಿಡುವುದು ಮಾಡಿದವರಿಗಿಂತ ಜಾಸ್ತಿ ಮಾಡಿಸಿದವರು ಏನು ಕೇಳಿದರು ಎಂಬುದರ ಮೇಲೆ ನಿಂತಿರುತ್ತದೆ.

ಟೆಂಡರ್ ಕಾಗದದಲ್ಲಿ ಕೆಲಸದ ವ್ಯಾಪ್ತಿ ಎಂದು ಒಂದು ಭಾಗ ಇರುತ್ತದೆ. ಅಲ್ಲಿ "ಹೊಸ ವಿಮಾನ ನಿಲ್ದಾಣಕ್ಕೆ ಸೂಕ್ತ ಜಾಗ ಗುರುತಿಸುವುದು" ಎಂದು ಬರೆದಿದ್ದರೆ ಮುಗಿಯಿತು. ಜಾಗ ಸಿಕ್ಕೇ ಸಿಗುತ್ತದೆ, ನೀವು ಕೇಳಿದ್ದೇ ಅದನ್ನು ತಾನೇ? ಕಟ್ಟುವುದೇ ಬೇಡ ಎಂದು ಹೇಳಲು ಅವರಿಗೆ ನೀವು ಅವಕಾಶವನ್ನೇ ಕೊಟ್ಟಿಲ್ಲ. ಅದೇ ಸಾಲನ್ನು "ಮುಂದಿನ 30 ವರ್ಷ ಈ ಊರಿನ ವಿಮಾನ ಸಂಚಾರವನ್ನು ಹೇಗೆ ನಿಭಾಯಿಸುವುದು" ಎಂದು ಬದಲಿಸಿ ನೋಡಿ, ಬರುವ ರಿಪೋರ್ಟೇ ಬೇರೆ. ಆಗ ಅವರು ಹಳೇ ನಿಲ್ದಾಣವನ್ನೇ ಸರಿಯಾಗಿ ನೋಡಬೇಕಾಗುತ್ತದೆ. ಇಳಿದ ವಿಮಾನ ರನ್‌ವೇಯಿಂದ ಬೇಗ ಆಚೆ ಬರುವ ಹಾಗೆ ಟ್ಯಾಕ್ಸಿವೇ ಹಾಕಿದರೆ ಗಂಟೆಗೆ ಎಷ್ಟು ವಿಮಾನ ಜಾಸ್ತಿ ಇಳಿಸಬಹುದು, ಟರ್ಮಿನಲ್ ಹಿಗ್ಗಿಸಿದರೆ ಎಷ್ಟು ವರ್ಷ ತಳ್ಳಬಹುದು, ಫ್ಲೈಯಿಂಗ್ ಕ್ಲಬ್, ಸರಕು ವಿಮಾನ, ಸಣ್ಣ ವಿಮಾನಗಳನ್ನು ಬೇರೆ ಕಡೆ ಕಳಿಸಿದರೆ ಎಷ್ಟು ಜಾಗ ಖಾಲಿಯಾಗುತ್ತದೆ, ಎಲ್ಲಾ.

ಹಾಗಾಗಿ ರಿಪೋರ್ಟ್ ಕೈಗೆ ಬಂದ ಕೂಡಲೇ ನಾನು ಮೊದಲು ತೆಗೆಯುವುದು "ಇದ್ದಲ್ಲೇ ಸುಧಾರಿಸಿದರೆ" ಎನ್ನುವ ಅಧ್ಯಾಯ. ಅದು ಎಷ್ಟು ಪುಟ ಇದೆ ನೋಡಿ ಸಾಕು. ಹೊಸ ಜಾಗಕ್ಕೆ ಬಣ್ಣದ ನಕ್ಷೆ, ಮೇಲಿನಿಂದ ನೋಡಿದ ಹಾಗೆ ಬಿಡಿಸಿದ ಟರ್ಮಿನಲ್ ಚಿತ್ರ, ಹುಲ್ಲುಹಾಸು, ಕಾರಂಜಿ, ಪುಟಗಟ್ಟಲೆ ವಿವರ. ಹಳೇದಕ್ಕೆ ಎರಡು ಪುಟ ಮತ್ತು ಚೆಕ್‌ಇನ್ ಕೌಂಟರ್ ಮುಂದೆ ಜನ ತುಂಬಿರುವ ಒಂದು ಫೋಟೋ, ಅದೂ ಹಬ್ಬದ ರಜೆಯಲ್ಲಿ ತೆಗೆದದ್ದು. ಇದು ಅಧ್ಯಯನವಲ್ಲ, ಮೊದಲೇ ಆಗಿಹೋದ ತೀರ್ಮಾನಕ್ಕೆ ಬರೆಸಿಕೊಂಡ ಸರ್ಟಿಫಿಕೇಟ್.

ಇದ್ದಲ್ಲೇ ಸುಧಾರಿಸುವುದು ಅಂದರೆ ಏನೋ ತೇಪೆ ಕೆಲಸ ಅಂದುಕೊಳ್ಳುವವರಿಗೆ ಒಂದು ಲೆಕ್ಕ. ಲಂಡನ್ನಿನ ಗ್ಯಾಟ್‌ವಿಕ್ ಒಂದು ಸಲಕ್ಕೆ ಒಂದೇ ರನ್‌ವೇ ಬಳಸಿಕೊಂಡು 2019ರಲ್ಲಿ 4 ಕೋಟಿ 60 ಲಕ್ಷಕ್ಕಿಂತ ಜಾಸ್ತಿ ಪ್ರಯಾಣಿಕರನ್ನು ಸಂಭಾಳಿಸಿತು. ಅಮೆರಿಕದ ಸ್ಯಾನ್ ಡಿಯೇಗೋ ಕತೆ ಇನ್ನೂ ಚೆನ್ನಾಗಿದೆ. ಊರ ಮಧ್ಯೆ 661 ಎಕರೆ, ಒಂದೇ ರನ್‌ವೇ. ಇದು ಸಾಲುವುದಿಲ್ಲ ಎಂದು ವರ್ಷಗಟ್ಟಲೆ ಜಾಗ ಹುಡುಕಿದರು, ಕೊನೆಗೆ ಮಿರಮಾರ್ ಎಂಬ ಸೇನಾ ವಾಯುನೆಲೆಯೇ ಸರಿ ಎಂದರು, 2006ರ ನವೆಂಬರ್‌ನಲ್ಲಿ ಜನರ ಮುಂದೆ ಮತಕ್ಕಿಟ್ಟರು. ಶೇಕಡಾ 60ಕ್ಕಿಂತ ಜಾಸ್ತಿ ಜನ ಬೇಡ ಎಂದರು. ಸರಿ, ಇದ್ದಲ್ಲೇ ಬೆಳೆಸೋಣ ಎಂದು ಟರ್ಮಿನಲ್ ಹಿಗ್ಗಿಸಿದರು. ಅದೇ ಒಂದು ರನ್‌ವೇಯಲ್ಲಿ 2019ರಲ್ಲಿ ಎರಡೂವರೆ ಕೋಟಿ ಜನ ಓಡಾಡಿದರು. ಎಲ್ಲಾ ಊರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ, ಸುತ್ತ ಗುಡ್ಡವೋ ಮನೆಗಳೋ ಒತ್ತಿಕೊಂಡಿದ್ದರೆ ಆಗುವುದೇ ಇಲ್ಲ. ಆದರೆ ಆಗುವುದಿಲ್ಲ ಅನ್ನುವುದನ್ನೂ ಲೆಕ್ಕ ಹಾಕಿ ತೋರಿಸಬೇಕಲ್ವಾ?

ಈಗ ಪ್ರಯಾಣಿಕರ ಮುನ್ನಂದಾಜಿನ ಅಧ್ಯಾಯಕ್ಕೆ ಬರುತ್ತೇನೆ. ಒಂದು ಸ್ಟಾರ್ ಕೊಟ್ಟರೂ ಜಾಸ್ತಿ ಅನಿಸುವುದು ಇದಕ್ಕೇ. ಗ್ರಾಫಿನಲ್ಲಿ ಮೂರು ಗೆರೆ ಇರುತ್ತವೆ, ಕಡಿಮೆ, ಮಧ್ಯಮ, ಹೆಚ್ಚು. ಮೂರೂ ಮೇಲಕ್ಕೇ ಹೋಗುತ್ತವೆ. ಕಡಿಮೆ ಎನ್ನುವ ಗೆರೆ ಕೂಡ ಯಾವುದೋ ಒಂದು ವರ್ಷ ಹಳೇ ನಿಲ್ದಾಣದ ಮಿತಿಯನ್ನು ದಾಟುತ್ತದೆ, ಸುಮ್ನೆ ಐದಾರು ವರ್ಷ ತಡವಾಗಿ ದಾಟುತ್ತದೆ ಅಷ್ಟೇ. ಒಂದು ಏರ್‌ಲೈನ್ ಮುಳುಗಿದರೆ, ಒಂದು ದೊಡ್ಡ ಏರ್‌ಲೈನ್ ತನ್ನ ಕನೆಕ್ಷನ್ ವಿಮಾನಗಳನ್ನು ಬೇರೆ ಊರಿಗೆ ಎತ್ತಿಕೊಂಡು ಹೋದರೆ, ಪಕ್ಕದ ಊರಿಗೆ ವೇಗದ ರೈಲು ಬಂದರೆ, ರೋಗವೊಂದು ಬಂದು ಎರಡು ವರ್ಷ ಯಾರೂ ಹಾರದಿದ್ದರೆ, ಇವಕ್ಕೆಲ್ಲಾ ಗೆರೆಯೇ ಇಲ್ಲ.

ಮಾಂಟ್ರಿಯಲ್‌ನ ಮಿರಾಬೆಲ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ನಾನೂ ಕೊಡುತ್ತೇನೆ, ಯಾಕೆಂದರೆ ಅದರಲ್ಲಿ ಬರೀ ಅಂದಾಜು ತಪ್ಪಿದ್ದಲ್ಲ. ಕೆನಡಾ ಸರ್ಕಾರ ಸುಮಾರು 97 ಸಾವಿರ ಎಕರೆ ಜಮೀನು ಸ್ವಾಧೀನ ಮಾಡಿಕೊಂಡು, ಜಗತ್ತಿನ ಅತಿ ದೊಡ್ಡ ನಿಲ್ದಾಣಗಳಲ್ಲಿ ಒಂದಾಗುತ್ತದೆ ಎಂದು 1975ರಲ್ಲಿ ಶುರು ಮಾಡಿತು. ಅಷ್ಟರಲ್ಲಿ ವಿಮಾನಗಳು ಇನ್ನೂ ದೂರ ಹಾರುವ ಹಾಗಾಗಿದ್ದವು, ಅಟ್ಲಾಂಟಿಕ್ ದಾಟಿದ ವಿಮಾನ ಇಲ್ಲೇ ಇಳಿಯಬೇಕು ಅಂತೇನೂ ಉಳಿಯಲಿಲ್ಲ. ವ್ಯಾಪಾರ ವಹಿವಾಟು ಟೊರಾಂಟೋ ಕಡೆಗೆ ಜಾರಿತು. ಊರ ಹತ್ತಿರದ ಹಳೇ ಡೊರ್ವಾಲ್ ನಿಲ್ದಾಣವನ್ನು ಮುಚ್ಚಲೇ ಇಲ್ಲ, ದೇಶದೊಳಗಿನ ವಿಮಾನ ಅಲ್ಲಿಂದ, ಹೊರದೇಶದ್ದು ಇಲ್ಲಿಂದ ಎಂದು ಹಂಚಿದರು. ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತಬೇಕಾದವರು ಬಸ್ಸಿನಲ್ಲಿ ಊರು ದಾಟಬೇಕಾಯಿತು. ಬರಬೇಕಿದ್ದ ರೈಲು ಬರಲಿಲ್ಲ. 2004ಕ್ಕೆ ಕೊನೇ ಪ್ರಯಾಣಿಕ ವಿಮಾನ ಹೋಯಿತು, 2014ರಲ್ಲಿ ಟರ್ಮಿನಲ್ ಒಡೆಯಲು ಶುರು ಮಾಡಿದರು. ಸ್ವಾಧೀನ ಮಾಡಿದ ಜಮೀನಿನಲ್ಲಿ ಬಹುಪಾಲು ಬಳಕೆಗೇ ಬರಲಿಲ್ಲ.

ಮುನ್ನಂದಾಜು ನಿಖರವಾಗಿರಲಿ ಎಂದು ನಾನು ಕೇಳುವುದಿಲ್ಲ, ಅದು ಯಾರ ಕೈಲೂ ಆಗದ ಕೆಲಸ. ನಾನು ಕೇಳುವುದು ಇಷ್ಟೇ: ಅಂದಾಜು ಅರ್ಧಕ್ಕೆ ನಿಂತರೆ ಈ ಯೋಜನೆ ಬದುಕುತ್ತದಾ? ದುಪ್ಪಟ್ಟಾದರೆ ಬೆಳೆಯಲು ಜಾಗ ಇದೆಯಾ? ಮತ್ತೆ ಪೀಕ್ ಅವರ್ ಲೆಕ್ಕ ತೋರಿಸಿ. ಟರ್ಮಿನಲ್ ಅಳತೆ ನಿಂತಿರುವುದು ವರ್ಷದ ಒಟ್ಟು ಸಂಖ್ಯೆಯ ಮೇಲಲ್ಲ, ಜನ ಅತಿ ಜಾಸ್ತಿ ಸೇರುವ ಆ ಕೆಲವು ಗಂಟೆಗಳ ಮೇಲೆ. ಬೆಳಗಿನ ಜಾವ ಒಟ್ಟಿಗೆ ಹೊರಡುವ ವಿಮಾನಗಳನ್ನು ಸ್ವಲ್ಪ ಅತ್ತಿತ್ತ ಮಾಡಿದರೇ ಎಷ್ಟೋ ಹೊಸ ಗೇಟು ಬೇಕಾಗುವುದಿಲ್ಲ. ಆ ಮಾತು ರಿಪೋರ್ಟ್‌ನಲ್ಲಿ ತಾನಾಗಿ ಬಂದಿರುವುದನ್ನು ನೋಡಿದ್ದು ಅಪರೂಪ.

ಮುಂದಿನದು ಗಾಳಿ, ಹವೆ, ರನ್‌ವೇ. ಇದಕ್ಕೆ ಐದಕ್ಕೆ ಐದು, ಸರಿಯಾಗಿ ಮಾಡಿದ್ದರೆ. ಈ ಕೆಲಸ ಮಾಡುವವರು ಸಾಮಾನ್ಯವಾಗಿ ಮೀಟಿಂಗ್‌ನಲ್ಲಿ ಮಾತೇ ಆಡದ, ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿರುವ ಒಬ್ಬರೋ ಇಬ್ಬರೋ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನೆಕ್ಸ್ 14, ಅಂದರೆ ಏರ್‌ಪೋರ್ಟ್‌ಗಳ ನಿಯಮಗಳಿರುವ ಭಾಗ, ಹೇಳುವ ಪ್ರಕಾರ ರನ್‌ವೇಯ ದಿಕ್ಕು ಹೇಗಿರಬೇಕು ಅಂದರೆ, ಅಡ್ಡಗಾಳಿಯಿಂದ ತೊಂದರೆಯಾಗದೆ ಕನಿಷ್ಠ ಶೇಕಡಾ 95ರಷ್ಟು ಹೊತ್ತು ಅದನ್ನು ಬಳಸಲು ಆಗಬೇಕು. ದೊಡ್ಡ ವಿಮಾನಗಳಿಗೆ ಅಡ್ಡಗಾಳಿಯ ಮಿತಿ 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್. ಇದನ್ನು ಲೆಕ್ಕ ಹಾಕಲು ಕನಿಷ್ಠ ಐದು ವರ್ಷದ ಗಾಳಿಯ ಅಂಕಿ ಬೇಕು, ದಿನಕ್ಕೆ ಎಂಟು ಸಲ, ಸಮ ಅಂತರದಲ್ಲಿ ಅಳೆದದ್ದು.

ಇಲ್ಲೊಂದು ಕೈಚಳಕ ಇದೆ, ಗಮನಿಸಿ. ಹೊಸ ಜಾಗದಲ್ಲಿ ಐದು ವರ್ಷ ಯಾರೂ ಗಾಳಿ ಅಳೆದಿರುವುದಿಲ್ಲ. ಹಾಗಾಗಿ ಹಳೇ ಏರ್‌ಪೋರ್ಟ್‌ನ ಹವಾಮಾನ ಕೇಂದ್ರದ ಅಂಕಿಗಳನ್ನೇ ತಂದು, ಇಲ್ಲೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಗಾಳಿಯ ಚಿತ್ರ, ವಿಂಡ್ ರೋಸ್ ಅನ್ನುತ್ತಾರಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕೇಂದ್ರದ ಹೆಸರಿರುತ್ತದೆ. ಅದನ್ನು ಓದಿ. ಮಧ್ಯದಲ್ಲಿ ಒಂದು ಗುಡ್ಡವೋ ದೊಡ್ಡ ಕೆರೆಯೋ ಇದ್ದರೆ ಆ ಅಂಕಿಗೆ ಬೆಲೆ ಇಲ್ಲ. ಬೆಳಗಿನ ಮಂಜು ಅಂತೂ ಕೆಲವೇ ಕಿಲೋಮೀಟರ್‌ನಲ್ಲಿ ಪೂರ್ತಿ ಬದಲಾಗಬಲ್ಲದು.

ನಾರ್ವೆಯವರು ಇದನ್ನು ಕಷ್ಟಪಟ್ಟು ಕಲಿತರು. ಓಸ್ಲೋದ ಫೋರ್ನೆಬು ನಿಲ್ದಾಣ ಸಾಲದಾಗ 1988ರಲ್ಲಿ ಅಲ್ಲಿನ ಸಂಸತ್ತು ಹುರುಮ್ ಎಂಬ ಜಾಗವನ್ನು ಆರಿಸಿತು. ಆಮೇಲೆ ಹವೆ ಅಳೆದು ನೋಡಿದರೆ, ಮಂಜು ಮತ್ತು ತಗ್ಗಿನ ಮೋಡದಿಂದ ಅಲ್ಲಿ ನಿಲ್ದಾಣ ನಡೆಸುವುದು ಕಷ್ಟ ಎಂಬ ಉತ್ತರ ಬಂತು. ಯೋಜನೆ ಬಿದ್ದುಹೋಯಿತು. ಅಳೆದದ್ದು ಸರಿಯೋ ತಪ್ಪೋ ಎಂದು ಆಮೇಲೆ ವರ್ಷಗಟ್ಟಲೆ ಜಗಳವಾಯಿತು, ಸಂಸತ್ತಿನ ವಿಚಾರಣೆವರೆಗೂ ಹೋಯಿತು. 1992ರಲ್ಲಿ ಗಾರ್ಡರ್‌ಮೋಯೆನ್ ಎಂದು ತೀರ್ಮಾನವಾಗಿ 1998ರ ಅಕ್ಟೋಬರ್ 8ರಂದು ಅದು ಶುರುವಾಯಿತು. ಜಾಗ ಆರಿಸಿದ್ದು ಮೊದಲು, ಅಳೆದದ್ದು ಆಮೇಲೆ. ಮೊದಲೇ ನೋಡುತ್ತಿದ್ದ ಜಾಗಗಳಲ್ಲೆಲ್ಲಾ ಒಂದೊಂದು ಕಂಬ ನೆಟ್ಟು ಮೀಟರ್ ಕಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು ಹೇಳಿ.

ರನ್‌ವೇ ಉದ್ದದ ಲೆಕ್ಕವನ್ನು ನೀವೇ ಮನೆಯಲ್ಲಿ ಕೂತು ಪರೀಕ್ಷೆ ಮಾಡಬಹುದು, ಕಷ್ಟವಿಲ್ಲ. ಸಮುದ್ರಮಟ್ಟದಲ್ಲಿ, ಮಾಮೂಲಿ ಹವೆಯಲ್ಲಿ ಒಂದು ವಿಮಾನಕ್ಕೆ 2,500 ಮೀಟರ್ ಬೇಕು ಎಂದಿಟ್ಟುಕೊಳ್ಳಿ. ಎತ್ತರದಲ್ಲಿ ಪ್ರತಿ 300 ಮೀಟರ್‌ಗೆ ಶೇಕಡಾ 7 ಸೇರಿಸಬೇಕು. ಜಾಗ 900 ಮೀಟರ್ ಎತ್ತರದಲ್ಲಿದ್ದರೆ 3,025 ಆಯಿತು. ಆ ಎತ್ತರಕ್ಕೆ ಮಾಮೂಲಿ ಹವೆ ಎಂದು ಹಿಡಿಯುವ ತಾಪಮಾನ ಸುಮಾರು 9 ಡಿಗ್ರಿ, ಅದಕ್ಕಿಂತ ಜಾಸ್ತಿಯಾದ ಪ್ರತಿ ಡಿಗ್ರಿಗೆ ಶೇಕಡಾ 1. ಅಲ್ಲಿನ ಬಿಸಿ ತಿಂಗಳ ಲೆಕ್ಕ 33 ಡಿಗ್ರಿ ಎಂದರೆ ಇನ್ನು ಶೇಕಡಾ 24 ಸೇರಿ ಸುಮಾರು 3,750 ಮೀಟರ್. ಈ ಎರಡೂ ಸೇರಿ ಶೇಕಡಾ 35 ಮೀರಿದರೆ ಈ ಸುಲಭದ ಸೂತ್ರ ಸಾಕಾಗುವುದಿಲ್ಲ, ಪ್ರತ್ಯೇಕ ಅಧ್ಯಯನ ಮಾಡಬೇಕು ಎಂದು ಅದೇ ಅಂತರರಾಷ್ಟ್ರೀಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ 50 ಆಗಿದೆ. ಇಂಥ ಕಡೆ ಸೂತ್ರದ ಉತ್ತರವನ್ನೇ ಕೊನೇ ಉತ್ತರ ಎಂದು ಕೊಟ್ಟಿದ್ದರೆ ರಿಪೋರ್ಟ್ ವಾಪಸ್ ಕಳಿಸಿ. ಎರಡನೇ ರನ್‌ವೇ ಬಗ್ಗೆ ಮಾತಾಡಿದ್ದರೆ ಎರಡರ ಮಧ್ಯದ ಅಂತರ ನೋಡಿ. ಎರಡಕ್ಕೂ ಸ್ವತಂತ್ರವಾಗಿ ಒಟ್ಟಿಗೆ ವಿಮಾನ ಇಳಿಸಬೇಕೆಂದರೆ ಕನಿಷ್ಠ 1,035 ಮೀಟರ್ ಇರಬೇಕು. ನಕ್ಷೆಯಲ್ಲಿ ಎರಡು ಗೆರೆ ಎಳೆದು ಸಾಮರ್ಥ್ಯ ದುಪ್ಪಟ್ಟು ಎಂದುಬಿಟ್ಟಿರುತ್ತಾರೆ, ಅಂತರ ಮಾತ್ರ ಅರ್ಧ ಕಿಲೋಮೀಟರ್.

ಮಣ್ಣು ಮತ್ತು ನೀರಿನ ಅಧ್ಯಾಯ ಬೇಗ ಮುಗಿಸುತ್ತೇನೆ. ಬೋರ್ ಹೊಡೆದು ಮಣ್ಣು ತೆಗೆದು ನೋಡಿದ್ದರೆ ಒಳ್ಳೆಯದು, ಉಪಗ್ರಹದ ಚಿತ್ರ ನೋಡಿ ಬರೆದಿದ್ದರೆ ಬೇಡ. ಜಪಾನಿನ ಕನ್ಸಾಯ್ ನಿಲ್ದಾಣವನ್ನು ಸಮುದ್ರದಲ್ಲಿ ದ್ವೀಪ ಮಾಡಿ ಕಟ್ಟಿದ್ದು, 1994ರಲ್ಲಿ ಶುರುವಾಯಿತು. ಕುಸಿಯುತ್ತದೆ ಎಂದು ಗೊತ್ತಿತ್ತು, ಲೆಕ್ಕವನ್ನೂ ಹಾಕಿದ್ದರು, ಆದರೂ ಲೆಕ್ಕಕ್ಕಿಂತ ಜಾಸ್ತಿ ಕುಸಿಯಿತು. 2018ರ ಸೆಪ್ಟೆಂಬರ್‌ನ ಚಂಡಮಾರುತಕ್ಕೆ ರನ್‌ವೇ ಮೇಲೆ ಸಮುದ್ರದ ನೀರು ನಿಂತಿತು. ಮೆಕ್ಸಿಕೋದಲ್ಲಿ ಹೊಸ ಏರ್‌ಪೋರ್ಟ್‌ಗೆ ಆರಿಸಿದ ಟೆಶ್ಕೋಕೋ ಹಳೇ ಕೆರೆಯ ತಳ, ಮೆತ್ತನೆಯ ಮಣ್ಣು. ಅಲ್ಲಿ ಕೆಲಸ ಶುರುವಾಗಿ ವರ್ಷಗಳಾದ ಮೇಲೆ 2018ರಲ್ಲಿ ಜನಾಭಿಪ್ರಾಯ ಕೇಳಿ ಯೋಜನೆಯನ್ನೇ ರದ್ದು ಮಾಡಿದರು. ರದ್ದಿಗೆ ರಾಜಕೀಯ ಕಾರಣವೂ ಇತ್ತು, ಖರ್ಚಿನ ಕಾರಣವೂ ಇತ್ತು. ಈ ಚರ್ಚೆ ಆಗಬೇಕಿದ್ದ ಹೊತ್ತು ಅದಲ್ಲ.

ಜನರ ವಿಷಯಕ್ಕೆ ಬಂದರೆ ರಿಪೋರ್ಟ್‌ಗಳ ಭಾಷೆಯೇ ಬದಲಾಗಿಬಿಡುತ್ತದೆ. "ಯೋಜನೆಯಿಂದ ಬಾಧಿತ ಕುಟುಂಬಗಳು" ಎಂಬ ಒಂದು ಕಾಲಂ, ಅದರಲ್ಲಿ ಒಂದು ಸಂಖ್ಯೆ, ಪಕ್ಕದಲ್ಲಿ ಎಕರೆಗೆ ಇಷ್ಟು ಎಂದು ಒಂದು ದರ. ಯಾರು ಅಲ್ಲಿ ಗೇಣಿಗೆ ಉಳುತ್ತಿದ್ದಾರೆ, ಯಾರ ಕುರಿ ಎಲ್ಲಿ ಮೇಯುತ್ತದೆ, ಸ್ಮಶಾನ ಎಲ್ಲಿದೆ, ಇವು ಕಾಲಂಗೆ ಬರುವುದಿಲ್ಲ. ಟೋಕಿಯೋದ ನರಿತಾ ನಿಲ್ದಾಣಕ್ಕೆ 1966ರಲ್ಲಿ ಅಲ್ಲಿನ ರೈತರನ್ನು ಸರಿಯಾಗಿ ಕೇಳದೆ ಜಾಗ ಘೋಷಿಸಿದರು. ಆಮೇಲೆ ನಡೆದ ಹೋರಾಟದಲ್ಲಿ ಪ್ರಾಣಗಳು ಹೋದವು. 1978ರ ಮಾರ್ಚ್‌ನಲ್ಲಿ ಪ್ರತಿಭಟನಾಕಾರರು ಕಂಟ್ರೋಲ್ ಟವರ್‌ಗೇ ನುಗ್ಗಿ ಉಪಕರಣ ಒಡೆದರು, ಉದ್ಘಾಟನೆ ಮೇ ತಿಂಗಳಿಗೆ ಹೋಯಿತು. ಎರಡನೇ ರನ್‌ವೇ ಸಿಕ್ಕಿದ್ದು 2002ಕ್ಕೆ, ಅದೂ ಯೋಚಿಸಿದ್ದಕ್ಕಿಂತ ಗಿಡ್ಡ. ಮ್ಯೂನಿಕ್‌ನದು ಕೋರ್ಟಿನ ಕತೆ. ಅಲ್ಲಿ 1960ರಲ್ಲಿ ವಿಮಾನವೊಂದು ಊರ ಮಧ್ಯೆ ಬಿದ್ದು 52 ಜನ ಸತ್ತ ಮೇಲೆ ಹೊಸ ಜಾಗ ಹುಡುಕುವ ಕೆಲಸ ಜೋರಾಯಿತು. 1969ರಲ್ಲಿ ಜಾಗ ಗೊತ್ತಾಯಿತು, ಕೆಲಸ ಶುರುವಾದ ಸ್ವಲ್ಪ ದಿನಕ್ಕೇ, 1981ರಲ್ಲಿ, ಕೋರ್ಟು ನಿಲ್ಲಿಸಿತು, 1985ರಲ್ಲಿ ಮತ್ತೆ ಶುರು, 1992ರ ಮೇ 17ಕ್ಕೆ ಮೊದಲ ವಿಮಾನ. ನಿಮ್ಮ ರಿಪೋರ್ಟ್‌ನ ವೇಳಾಪಟ್ಟಿಯಲ್ಲಿ ಭೂಸ್ವಾಧೀನಕ್ಕೆ ಹದಿನೆಂಟು ತಿಂಗಳು ಎಂದಿದ್ದರೆ ಈ ಇಸವಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಎಲ್ಲವನ್ನೂ ದುಡ್ಡಿಗೆ ಇಳಿಸುತ್ತೇವೆ ಎಂದು ಹೊರಟವರೂ ಇದ್ದಾರೆ. ಲಂಡನ್ನಿನ ಮೂರನೇ ಏರ್‌ಪೋರ್ಟ್‌ಗಾಗಿ 1968ರಲ್ಲಿ ರೋಸ್ಕಿಲ್ ಆಯೋಗ ಕೂತಿತು. ಅದು ಬದಲಿ ನಿಲ್ದಾಣವಲ್ಲ, ಹೆಚ್ಚುವರಿ, ಆದರೆ ಅಧ್ಯಯನ ಅಂದರೆ ಅದು. ಲಾಭ ನಷ್ಟದ ಲೆಕ್ಕ ಅಷ್ಟು ದೊಡ್ಡದಾಗಿ ಅದಕ್ಕೂ ಮುಂಚೆ ಯಾರೂ ಮಾಡಿರಲಿಲ್ಲ. ಊರಿಂದ ಬರುವವರ ಸಮಯಕ್ಕೆ ಬೆಲೆ, ಶಬ್ದಕ್ಕೆ ಬೆಲೆ, ಸ್ಟ್ಯೂಕ್ಲಿ ಎಂಬಲ್ಲಿ ಶತಮಾನಗಳ ಹಳೇ ಚರ್ಚೊಂದು ಹೋಗುತ್ತದೆಂದಾಗ ಅದಕ್ಕೆ ಬೆಂಕಿ ವಿಮೆಯ ಮೊತ್ತವೇ ಬೆಲೆ. ಜನ ಇದನ್ನು ಕೇಳಿ ನಕ್ಕರು, ಸಿಟ್ಟಾದರು. ನಾಲ್ಕು ಜಾಗಗಳಲ್ಲಿ ಕಬ್ಲಿಂಗ್ಟನ್ ಸರಿ ಎಂದು 1971ರಲ್ಲಿ ಆಯೋಗ ಹೇಳಿತು, ಸದಸ್ಯರಲ್ಲಿ ಒಬ್ಬರು ಒಪ್ಪಲಿಲ್ಲ, ಸರ್ಕಾರ ಸಮುದ್ರದ ದಡದ ಮ್ಯಾಪ್ಲಿನ್ ಆರಿಸಿತು, 1974ರಲ್ಲಿ ಅದನ್ನೂ ಕೈಬಿಟ್ಟಿತು. ಕೊನೆಗೆ ಬೆಳೆದದ್ದು ಸ್ಟ್ಯಾನ್‌ಸ್ಟೆಡ್. ಅದು ಆ ನಾಲ್ಕರ ಪಟ್ಟಿಯಲ್ಲೇ ಇರಲಿಲ್ಲ!

ರಸ್ತೆ, ರೈಲು. ಇಲ್ಲಿ ನನ್ನ ದೂರು ಒಂದೇ. ನಕ್ಷೆಯಲ್ಲಿ ಏರ್‌ಪೋರ್ಟ್‌ಗೆ ಬರುವ ಹೆದ್ದಾರಿ, ಮೆಟ್ರೋ ಎಲ್ಲಾ ಗಟ್ಟಿ ಬಣ್ಣದಲ್ಲಿ ಇರುತ್ತವೆ, ಖರ್ಚಿನ ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ಕೇಳಿದರೆ "ಅದು ಬೇರೆ ಇಲಾಖೆ" ಎನ್ನುತ್ತಾರೆ. ಈಕ್ವೆಡಾರ್ ದೇಶದ ಕೀಟೋ ನಗರದ ಹೊಸ ನಿಲ್ದಾಣ 2013ರ ಫೆಬ್ರವರಿಯಲ್ಲಿ ತೆರೆದಾಗ ಅಲ್ಲಿಗೆ ಹೋಗುವ ಹೊಸ ರಸ್ತೆ ಮುಗಿದಿರಲಿಲ್ಲ, ಜನ ಹಳೇ ತಿರುವು ರಸ್ತೆಯಲ್ಲಿ ಸಿಕ್ಕಿಕೊಂಡರು. ಡೆನ್ವರ್ ಏರ್‌ಪೋರ್ಟ್ 1995ರಲ್ಲಿ ಶುರುವಾಯಿತು, ಊರಿಂದ ರೈಲು ಬಂದದ್ದು 2016ರಲ್ಲಿ. ಆದರೆ ಡೆನ್ವರ್‌ನವರು ಒಂದು ವಿಷಯದಲ್ಲಿ ಜಾಣರು, ಸುಮಾರು 53 ಚದರ ಮೈಲಿ ಜಾಗ ಮೊದಲೇ ಇಟ್ಟುಕೊಂಡರು, ಹಾಗಾಗಿ ಇವತ್ತಿಗೂ ಹೊಸ ರನ್‌ವೇಗೆ ಜಾಗ ಹುಡುಕುವ ಕಷ್ಟ ಇಲ್ಲ. ಹಾಂಕಾಂಗ್ ಇನ್ನೂ ಜಾಣ. ಏರ್‌ಪೋರ್ಟ್, ಸೇತುವೆ, ರೈಲು, ಸುರಂಗ ರಸ್ತೆ, ಹೊಸ ಪಟ್ಟಣ, ಹತ್ತು ಕಾಮಗಾರಿಗಳನ್ನು ಒಂದೇ ಯೋಜನೆಯಾಗಿ ಕಟ್ಟಿದರು. 1998ರ ಜುಲೈ 6ರಂದು ಹೊಸ ನಿಲ್ದಾಣ ತೆರೆದ ದಿನ ರಸ್ತೆಯೂ ಇತ್ತು, ರೈಲೂ ಇತ್ತು. ಸರಕು ವಿಭಾಗ ಮಾತ್ರ ಕೈಕೊಟ್ಟು, ಮುಚ್ಚಿದ್ದ ಹಳೇ ಕೈ ಟಾಕ್ ನಿಲ್ದಾಣದಲ್ಲಿ ಮತ್ತೆ ಸರಕು ಇಳಿಸಬೇಕಾಯಿತು. ಅದು ಬೇರೆ ಮಾತು.

ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಸಣ್ಣದಾಗಿ ಬರೆಯುವ ಭಾಗ ಯಾವುದು ಗೊತ್ತಾ? ಹಳೇ ಏರ್‌ಪೋರ್ಟ್ ಏನಾಗುತ್ತದೆ ಎಂಬುದು. ಬದಲಿ ನಿಲ್ದಾಣ ಎಂದು ಹೆಸರಿಟ್ಟ ಮೇಲೆ ಹಳೇದು ಮುಚ್ಚಲೇಬೇಕು, ಇಲ್ಲದಿದ್ದರೆ ಹೊಸದರ ಲೆಕ್ಕವೆಲ್ಲಾ ಸುಳ್ಳು. ಆದರೆ ಮುಚ್ಚುವ ದಿನ ಹತ್ತಿರ ಬಂದಾಗ ಊರಿನವರ ಮನಸ್ಸು ಬದಲಾಗುತ್ತದೆ. ಓಸಾಕಾದ ಇತಾಮಿ ನಿಲ್ದಾಣದ ಸುತ್ತಲಿನವರು ಶಬ್ದದ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದರು, ಅದಕ್ಕೇ ಕನ್ಸಾಯ್ ಕಟ್ಟಿದ್ದು. ಕನ್ಸಾಯ್ ಬರುವ ಹೊತ್ತಿಗೆ ಅದೇ ಊರುಗಳು, ಕೆಲಸ ಹೋಗುತ್ತದೆ, ವ್ಯಾಪಾರ ಹೋಗುತ್ತದೆ, ಇತಾಮಿ ಮುಚ್ಚಬೇಡಿ ಎಂದವು. ಮುಚ್ಚಲಿಲ್ಲ. ಇವತ್ತಿಗೂ ದೇಶದೊಳಗಿನ ವಿಮಾನ ಅಲ್ಲಿಂದ ಹಾರುತ್ತವೆ. ಬರ್ಲಿನ್‌ನಲ್ಲಿ 2017ರಲ್ಲಿ ಹಳೇ ಟೇಗಲ್ ನಿಲ್ದಾಣ ಉಳಿಸಿ ಎಂದು ಶೇಕಡಾ 56 ಜನ ಮತ ಹಾಕಿದರು. ಅದು ಸರ್ಕಾರವನ್ನು ಕಟ್ಟಿಹಾಕುವ ಮತವಲ್ಲ, ಹಾಗಾಗಿ ವರ್ಷಗಟ್ಟಲೆ ತಡವಾದ ಹೊಸ ನಿಲ್ದಾಣ 2020ರ ಅಕ್ಟೋಬರ್‌ನಲ್ಲಿ ತೆರೆದ ಮೇಲೆ ನವೆಂಬರ್‌ನಲ್ಲಿ ಟೇಗಲ್ ಮುಚ್ಚಿದರು. ಮ್ಯೂನಿಕ್, ಹಾಂಕಾಂಗ್, ಓಸ್ಲೋ ಮೂರೂ ಒಂದು ರಾತ್ರಿಯಲ್ಲಿ ಹಳೇದು ಮುಚ್ಚಿ ಹೊಸದು ತೆರೆದವು, ಯಾಕೆಂದರೆ ಮುಚ್ಚುವುದು ಮೊದಲೇ ಖಚಿತವಾಗಿತ್ತು. ನೀವು ಓದುತ್ತಿರುವ ರಿಪೋರ್ಟ್‌ನಲ್ಲಿ "ಹಳೆಯ ನಿಲ್ದಾಣದ ಭವಿಷ್ಯವನ್ನು ಮುಂದೆ ಪರಿಶೀಲಿಸಲಾಗುವುದು" ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿಸಿ, ಇದಕ್ಕೆ ಉತ್ತರ ತಂದ ಮೇಲೆ ಮುಂದಿನ ಪುಟ ಎಂದು ಹೇಳಿ.

ದುಡ್ಡಿನ ಅಧ್ಯಾಯದಲ್ಲಿ ಹಳೇ ಜಾಗ ಮಾರಿದ ಹಣ ಮೂರನೇ ವರ್ಷಕ್ಕೇ ಬಂದು ಕೂತಿರುತ್ತದೆ. ಅಥೆನ್ಸ್‌ನ ಹಳೇ ಎಲ್ಲಿನಿಕೋನ್ ನಿಲ್ದಾಣ 2001ರಲ್ಲಿ ಮುಚ್ಚಿತು. 2004ರ ಒಲಿಂಪಿಕ್ಸ್‌ಗೆ ಸ್ವಲ್ಪ ಬಳಸಿಕೊಂಡರು, ಆಮೇಲೆ ಹಾಗೇ ಬಿದ್ದಿತ್ತು, ಹೊಸ ಅಭಿವೃದ್ಧಿಯ ಕೆಲಸ ಶುರುವಾಗಿದ್ದು 2020ರಲ್ಲಿ. ಸಮುದ್ರದ ದಡದ, ರಾಜಧಾನಿಯ ಜಾಗದ ಕತೆ ಇದು. ಆ ಒಂದು ಸಾಲನ್ನು ಶೀಟಿನಿಂದ ಅಳಿಸಿ, ಯೋಜನೆ ಆಗಲೂ ನಿಲ್ಲುತ್ತದಾ ನೋಡಿ. ಏರ್‌ಲೈನ್‌ಗಳ ಮೇಲೆ ಹಾಕುವ ಇಳಿಯುವ ಶುಲ್ಕ, ಪ್ರಯಾಣಿಕರ ಶುಲ್ಕ ಎಷ್ಟಕ್ಕೆ ಏರುತ್ತದೆ ಎಂಬುದನ್ನೂ ಕೇಳಿ, ಅದು ಸಾಮಾನ್ಯವಾಗಿ ಅನುಬಂಧದಲ್ಲಿ ಅಡಗಿರುತ್ತದೆ.

ಹಾಗಂತ ಅಧ್ಯಯನ ಮಾಡುತ್ತಲೇ ಇರುವುದೂ ರೋಗವೇ. ಲಿಸ್ಬನ್ನಿನಲ್ಲಿ ಹೊಸ ಏರ್‌ಪೋರ್ಟ್‌ಗೆ ಜಾಗ ಹುಡುಕುವ ಸರ್ಕಾರಿ ಕಚೇರಿ ಹುಟ್ಟಿದ್ದು 1969ರಲ್ಲಿ. ಮೊದಲು ಓಟಾ ಎಂಬ ಜಾಗ ಎಂದರು, 2008ರಲ್ಲಿ ಹೊಸ ಅಧ್ಯಯನ ನೋಡಿ ಅಲ್ಕೊಶೆತ್ ಎಂದರು, ದುಡ್ಡಿಲ್ಲ ಎಂದು ಪಕ್ಕಕ್ಕಿಟ್ಟರು, ಮೊಂತಿಜೋ ಎಂದರು, ಅದಕ್ಕೆ ಸ್ಥಳೀಯ ಆಡಳಿತಗಳು ಒಪ್ಪಲಿಲ್ಲ, ಮತ್ತೆ ಸ್ವತಂತ್ರ ತಾಂತ್ರಿಕ ಆಯೋಗ, ಕೊನೆಗೆ 2024ರ ಮೇ ತಿಂಗಳಲ್ಲಿ ಮತ್ತೆ ಅಲ್ಕೊಶೆತ್. ಅಷ್ಟೂ ವರ್ಷ ಊರೊಳಗಿನ ಹಳೇ ನಿಲ್ದಾಣವೇ ಎಲ್ಲಾ ಹೊರೆ ಹೊತ್ತಿತು. ಕನ್ಸಲ್ಟೆಂಟ್‌ಗಳಿಗೆ ಇದರಿಂದ ಬೇಜಾರಿಲ್ಲ ಬಿಡಿ.

ಹಾಗಾದರೆ ಈ ಸೇವೆಯನ್ನು ಕೊಳ್ಳುವುದು ಹೇಗೆ? ತುಂಡು ತುಂಡಾಗಿ ಕೊಳ್ಳಿ, ನನ್ನ ಸಲಹೆ ಅದು. ಮೊದಲ ಹಂತದಲ್ಲಿ ಬರೀ ಬೇಡಿಕೆ ಮತ್ತು ಇದ್ದಲ್ಲೇ ಸುಧಾರಣೆ, ಅದೂ ಜಾಗದ ಹೆಸರೇ ಎತ್ತದೆ. ಅದರ ಉತ್ತರ ನೋಡಿ, ಬೇಕೆನಿಸಿದರೆ ಮಾತ್ರ ಎರಡನೇ ಹಂತ. ಆ ಹೊತ್ತಿಗೇ ಮೂರು ನಾಲ್ಕು ಕಡೆ ಗಾಳಿ, ಮಂಜು ಅಳೆಯುವ ಮೀಟರ್ ಹಾಕಿಸಿ, ಅದು ಓಡುತ್ತಿರಲಿ. ನಿಮ್ಮ ಊರು ಬೆಳೆಯುವ ಊರಾದರೆ ಕಟ್ಟುವ ತೀರ್ಮಾನ ಆಗದಿದ್ದರೂ ಒಳ್ಳೇ ಜಾಗದ ಸುತ್ತ ಎತ್ತರದ ಕಟ್ಟಡ ಬರದ ಹಾಗೆ ಕಾಯ್ದಿರಿಸಬಹುದು. ರನ್‌ವೇ ಸುತ್ತ ನಾಲ್ಕು ಕಿಲೋಮೀಟರ್‌ವರೆಗೆ 45 ಮೀಟರ್‌ಗಿಂತ ಎತ್ತರದ್ದು ಇರಬಾರದು ಎಂಬುದು ದೊಡ್ಡ ನಿಲ್ದಾಣಗಳ ಮಾಮೂಲಿ ಲೆಕ್ಕ, ಅದರಾಚೆಗೂ ಬೇರೆ ಮಿತಿಗಳಿವೆ. ಇದಕ್ಕೆ ಖರ್ಚು ಕಡಿಮೆ, ಮುಂದೆ ಬೇಡವಾದರೆ ಬಿಟ್ಟುಕೊಡಬಹುದು. ಅಧ್ಯಯನ ಮಾಡಿದ ಕಂಪನಿಗೇ ಮುಂದಿನ ವಿನ್ಯಾಸದ ಕೆಲಸ ಸಿಗುವುದಿಲ್ಲ ಎಂದು ಟೆಂಡರ್‌ನಲ್ಲೇ ಬರೆಯಿರಿ, ಆಗ ನೋಡಿ "ಬೇಡ" ಎನ್ನುವ ಉತ್ತರ ಎಷ್ಟು ಸಲೀಸಾಗಿ ಬರುತ್ತದೆ.

ಇನ್ನೊಂದು. ರಿಪೋರ್ಟ್ ಪಿಡಿಎಫ್ ಆಗಿ ಬರುತ್ತದೆ, ಅದರಲ್ಲಿ ಏನನ್ನೂ ಬದಲಿಸಿ ನೋಡಲು ಆಗುವುದಿಲ್ಲ. ಸೂತ್ರಗಳು ತೆರೆದಿರುವ ಎಕ್ಸೆಲ್ ಶೀಟುಗಳೇ ಬೇಕು ಎಂದು ಒಪ್ಪಂದದಲ್ಲಿ ಹಾಕಿ. ಕೊಡಲು ಹಿಂದೆಮುಂದೆ ನೋಡುತ್ತಾರೆ, ಅದು ಕಂಪನಿಯ ಸ್ವತ್ತು ಎನ್ನುತ್ತಾರೆ. ಕೊನೇ ಕಂತಿನ ಚೆಕ್ಕು ನಿಮ್ಮ ಕೈಯಲ್ಲಿರುವಾಗಲೇ ಕೇಳಿ, ಆಮೇಲೆ ಫೋನ್ ಎತ್ತುವುದಿಲ್ಲ.